ಅಮ್ಮನ ಮಾತು ತಿಳಿಯದ ಚಳಿಗಾಲ

ಒಡನಾಕ್, ಕೆನಡಾ
14 ಜನವರಿ 2007

ಪ್ರೀತಿಯ ಎಲ್ಫೇಜ್,

ಹೊಳೆ ಪೂರ್ತಿ ಹೆಪ್ಪುಗಟ್ಟಿದೆ. ಮೀನು ಹಿಡಿಯುವವರು ಮಂಜುಗಡ್ಡೆಯ ಮೇಲೆ ಗುಡಿಸಲು ಹೂಡಿದ್ದಾರೆ. ಅಮ್ಮ ಊಟ ಬಿಟ್ಟಿದ್ದಾಳೆ.

ನವೆಂಬರಿನಲ್ಲಿ ಮಲ್ವೀನಾ ಚಿಕ್ಕಮ್ಮ ತೀರಿಕೊಂಡ ಮೇಲೆ ಅಮ್ಮನ ಬಾಯಿಂದ ಫ್ರೆಂಚ್ ಮಾಯವಾಯಿತೆಂದು ಹಿಂದೆಯೇ ಬರೆದಿದ್ದೆ. ಮರೆವಿನ ಕಾಯಿಲೆಯಲ್ಲಿ ಹೀಗಾಗುವುದುಂಟು, ಆಮೇಲೆ ಕಲಿತದ್ದು ಮೊದಲು ಹೋಗುತ್ತದೆ ಎನ್ನುತ್ತಾಳೆ ನರ್ಸ್ ಜಿಸೆಲ್. ಈಗ ಅಮ್ಮನಲ್ಲಿ ಉಳಿದಿರುವುದು ನಮ್ಮ ಬುಡಕಟ್ಟಿನ ಹಳೆಯ ಭಾಷೆ ಅಬೆನಾಕಿ ಒಂದೇ. ನಿನಗೆ ನೆನಪಿದೆಯಲ್ಲ, ಅಕ್ಕತಂಗಿಯರಿಬ್ಬರೂ ಅಡುಗೆಮನೆಯಲ್ಲಿ ಬುಟ್ಟಿ ಹೆಣೆಯುತ್ತ ಆ ಭಾಷೆಯಲ್ಲಿ ನಗುತ್ತಿದ್ದರು. ನಾವು ಒಳಗೆ ಕಾಲಿಟ್ಟೊಡನೆ ಮಾತು ಫ್ರೆಂಚಿಗೆ ಹೊರಳುತ್ತಿತ್ತು. "ನಿಮ್ಗೆ ಇದೆಲ್ಲ ಯಾಕೆ? ಶಾಲೇಲಿ ಏಟು ತಿನ್ನೋಕಾ?" ಎನ್ನುತ್ತಿದ್ದಳು ಅಮ್ಮ. ನಮಗೆ ಏಟು ತಪ್ಪಿಸಿದಳು. ಈಗ ಎದುರು ಕೂತು ಅವಳು ಏನೋ ಕೇಳುತ್ತಿದ್ದಾಳೆ, ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೇನೆ.

ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾಳೆ. ಹೇಳಿ ನನ್ನ ಮುಖ ನೋಡುತ್ತಾಳೆ. ನಾನು ನೀರು ಕೊಟ್ಟರೆ ಕೈಯಿಂದ ತಳ್ಳುತ್ತಾಳೆ, ಹೊದಿಕೆ ತಂದರೆ ಅಳುತ್ತಾಳೆ. ಮೆಕ್ಕೆಜೋಳದ ಗಂಜಿಯನ್ನು ತುಟಿಗೆ ಹಿಡಿದರೆ ಹಲ್ಲು ಕಚ್ಚಿಕೊಳ್ಳುತ್ತಾಳೆ. ಮೊದಲು ಕೇಳಿದ್ದು ಕೊಡು, ಆಮೇಲೆ ತಿನ್ನುತ್ತೇನೆ ಎನ್ನುವ ಹಟಮಾರಿ ಮಗುವಿನ ಹಾಗೆ. ಊರಿನಲ್ಲಿ ಭಾಷೆ ಕಲಿಸುವ ಓರೇಲಿಯನ್ನು ಕರೆಸಿದೆ. ಪಾಪ, ಅರ್ಧ ದಿನ ಪಕ್ಕದಲ್ಲಿ ಕೂತಳು. "ಸೆಲೀನಾ, ನಾನು ಮಕ್ಕಳಿಗೆ ಬಣ್ಣದ ಹೆಸರು, ಪ್ರಾಣಿ ಹೆಸರು ಹೇಳ್ಕೊಡೋಳು. ಇವ್ರು ಹೊಳೆ ಹರಿದಂಗೆ ಮಾತಾಡ್ತಾರೆ. ಹಿಮ ಅಂದಿದ್ದು ಗೊತ್ತಾಯ್ತು, ಅಷ್ಟೆ" ಎಂದು ಕಣ್ಣೊರೆಸಿಕೊಂಡು ಹೋದಳು. ಅಮ್ಮನ ಹಾಗೆ ಮಾತಾಡುವವರು ಊರಿನಲ್ಲಿ ಮಲ್ವೀನಾ ಚಿಕ್ಕಮ್ಮನೇ ಕೊನೆ.

ಅಮ್ಮ ಹೇಳುವ ಮಾತನ್ನು ಒಂದು ಚೀಟಿಯಲ್ಲಿ ಬರೆದು ಇದರೊಳಗೆ ಇಟ್ಟಿದ್ದೇನೆ. ಅಲ್ಲಿ ಯಾರಿಗಾದರೂ ತಿಳಿಯುತ್ತದೇನೋ ಕೇಳು. ನೀನೇ ಬಂದರೆ ಇನ್ನೂ ಒಳ್ಳೆಯದು. ಫೋನ್ ಮಾಡಬೇಡ, ಈ ಫೋನು ಹಾಳಾಗಿದೆ, ಬರೀ ಗೊರಗೊರ. ಕಾಗದ ಬರೆ.

ನಿನ್ನ ಅಕ್ಕ,
ಸೆಲೀನಾ

•

ಹೇಯ್ಸ್ ಲ್ಯಾಂಡಿಂಗ್, ವರ್ಮಾಂಟ್
23 ಜನವರಿ 2007

ಅಕ್ಕಾ,

ನಿನ್ನ ಕಾಗದ ತಲುಪಿತು. ಹೆಂಡತಿಯ ಡಯಾಲಿಸಿಸ್ ಈಗ ವಾರಕ್ಕೆ ಮೂರು ದಿನ. ವರ್ನಾಳನ್ನು ಕರೆದುಕೊಂಡು ಹೋಗಿ ಬರುವುದರಲ್ಲೇ ವಾರ ಮುಗಿಯುತ್ತದೆ. ರಸ್ತೆಗಳೂ ಚೆನ್ನಾಗಿಲ್ಲ, ನನ್ನ ಟ್ರಕ್ಕಿನ ಹಿಂದಿನ ಟೈರುಗಳು ಸವೆದು ನುಣ್ಣಗಾಗಿವೆ. ಹಿಮ ಸ್ವಲ್ಪ ಇಳಿಯಲಿ, ಬರುತ್ತೇನೆ.

ನೀನು ಫೋನು ಹಾಳಾಗಿದೆ ಎಂದು ಬರೆದದ್ದನ್ನು ಓದಿ ನಾನು ನಂಬಿದೆನೆಂದುಕೊಳ್ಳಬೇಡ. ನಾನು ಮಾಡಿದಾಗಲೆಲ್ಲ "ಹಲೋ ಹಲೋ" ಎಂದು ಇಟ್ಟುಬಿಡುತ್ತೀಯ. ಕೋಪವಿದ್ದರೆ ಕೋಪ ಎಂದೇ ಹೇಳು. ಈಸ್ಟರ್‌ನಿಂದ ಈಚೆಗೆ ಬಂದಿಲ್ಲ, ಒಪ್ಪುತ್ತೇನೆ.

ಒಂದು ಸಂಗತಿ ಇದೆ. ನಿನ್ನ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅಂಚೆ ಕಚೇರಿಗೆ ಹೋಗಿದ್ದೆ. ಅಲ್ಲಿ ಬಾಗಿಲಿಗೆ ಒಂದು ಹಾಳೆ ಅಂಟಿಸಿದ್ದಾರೆ. "ಅಬೆನಾಕಿ ಜನರ ಸಂಸ್ಕೃತಿ ಮತ್ತು ಇತಿಹಾಸ. ಊರಿನ ಗ್ರಂಥಾಲಯದಲ್ಲಿ ಮಾತುಕತೆ. ಎಲ್ಲರಿಗೂ ಸ್ವಾಗತ. ಕಾಫಿ ಇದೆ." ಬರುವ ಶನಿವಾರ ಬಿಟ್ಟು ಮುಂದಿನ ಶನಿವಾರ. ಮಾತಾಡುವವಳು ರೋವೀನಾ ಎಂಬ ಹೆಂಗಸು, ಭಾಷೆಯನ್ನೂ ಬಲ್ಲವಳು ಎಂದು ಬರೆದಿತ್ತು. ನಲವತ್ತು ವರ್ಷದಿಂದ ಈ ಊರಿನಲ್ಲಿದ್ದೇನೆ, ಆ ಪದವನ್ನು ಇಲ್ಲಿಯ ಯಾವ ಬಾಗಿಲ ಮೇಲೂ ಕಂಡಿರಲಿಲ್ಲ. ಹೋಗುತ್ತೇನೆ, ಕೇಳುತ್ತೇನೆ. ಅಲ್ಲಿಯವರೆಗೆ ಅಮ್ಮನಿಗೆ ಹೇಗಾದರೂ ಮಾಡಿ ಎರಡು ಚಮಚ ಕುಡಿಸು.

ಎಲ್ಫೇಜ್

•

ಒಡನಾಕ್
30 ಜನವರಿ 2007

ಎಲ್ಫೇಜ್,

ಕೋಪವೂ ಇಲ್ಲ, ಮಣ್ಣೂ ಇಲ್ಲ. ಫೋನು ಹಾಳಾಗಿದೆ ಎಂದರೆ ಹಾಳಾಗಿದೆ.

ಮಾತಾಡಲು ಬರುವ ಆ ರೋವೀನಾ ಯಾವ ಮನೆಯವಳು? ಅವಳ ಅಜ್ಜಿ ಯಾರು? ಅದನ್ನು ಮೊದಲು ಕೇಳು. ಗಡಿಯಾಚೆ ಈಗ ಒಬ್ಬೊಬ್ಬರೂ ಎದ್ದು ನಾನೂ ನಿಮ್ಮವನೇ ಎನ್ನುತ್ತಾರಂತೆ. ನಮ್ಮವರಾಗಿರುವುದು ಕಷ್ಟವಾಗಿದ್ದ ಕಾಲದಲ್ಲಿ ಇವರೆಲ್ಲ ಎಲ್ಲಿದ್ದರೋ. ನೀನೂ ಅಲ್ಲಿ ಅಬೆನಾಕಿ ಎಂದು ಹೇಳಿಕೊಳ್ಳದೆ ಫ್ರೆಂಚಿನವನಾಗಿಯೇ ಬದುಕಿದವನು, ಹಾಗಾಗಿ ಹೆಚ್ಚು ಹೇಳುವುದಿಲ್ಲ. ಆದರೆ ಭಾಷೆ ಗೊತ್ತಿದ್ದರೆ ಅವಳು ಯಾರ ಮಗಳಾದರೂ ಆಗಲಿ, ನನಗೆ ಬೇಕು. ಕಾಲು ಹಿಡಿಯಬೇಕೆಂದರೆ ಕಾಲು ಹಿಡಿ.

ಅಮ್ಮ ಅದನ್ನೇ ಹೇಳುತ್ತಿದ್ದಾಳೆ. ಮತ್ತೊಮ್ಮೆ ಬರೆದು ಕಳಿಸಿದ್ದೇನೆ, ಈ ಸಲ ಸ್ವಲ್ಪ ಬೇರೆ ಬಂದಿದೆ. ಎರಡನ್ನೂ ತೋರಿಸು. ಅಮ್ಮನ ಕೈ ಎಷ್ಟು ಸಣ್ಣಗಾಗಿದೆಯೆಂದರೆ ಮದುವೆಯ ಉಂಗುರಕ್ಕೆ ದಾರ ಸುತ್ತಿ ಹಾಕಿದ್ದೇನೆ.

ಸೆಲೀನಾ

•

ಹೇಯ್ಸ್ ಲ್ಯಾಂಡಿಂಗ್
5 ಫೆಬ್ರವರಿ 2007

ಅಕ್ಕಾ,

ಮಾತುಕತೆಗೆ ಹೋಗಿ ಬಂದೆ. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಗ್ರಂಥಾಲಯದ ನೆಲಮಾಳಿಗೆ. ಮಡಚುವ ಕುರ್ಚಿಗಳು, ಮೂಲೆಯಲ್ಲಿ ಕಾಫಿ, ಸಕ್ಕರೆ ಉದುರಿಸಿದ ಡೋನಟ್‌ಗಳು, ಒದ್ದೆ ಬೂಟುಗಳ ವಾಸನೆ. ಚಳಿ ಅಷ್ಟಿದ್ದರೂ ಕೋಣೆ ತುಂಬಿತ್ತು. ನಾನು ಹಿಂದೆ ಕೂತೆ. ಕಬ್ಬಿಣದ ಸಾಮಾನಿನ ಅಂಗಡಿಯ ಹೋವರ್ಡ್ ತಿರುಗಿ ನೋಡಿ, "ಏನಯ್ಯಾ ಎಲ್ಫೇಜ್, ನೀನು ಫ್ರೆಂಚಿನೋನಲ್ವಾ? ಡೋನಟ್ ತಿನ್ನೋಕ್ ಬಂದ್ಯಾ?" ಎಂದ. "ಹೂಂ, ಡೋನಟ್‌ಗೇ" ಎಂದೆ.

ರೋವೀನಾಗೆ ಐವತ್ತರ ಮೇಲೆ ವಯಸ್ಸು, ಶಾಲೆಯಲ್ಲಿ ಪಾಠ ಹೇಳುತ್ತಾಳಂತೆ. ಮೊದಲು "ಕ್ವಾಯ್" ಎಂದಳು. ನಮಸ್ಕಾರ ಎಂದರ್ಥ, ನೀವೂ ಹೇಳಿ ಎಂದಳು. ಇಡೀ ಕೋಣೆ ಒಟ್ಟಿಗೆ "ಕ್ವಾಯ್" ಎಂದಿತು, ಹೋವರ್ಡ್ ಎಲ್ಲರಿಗಿಂತ ಗಟ್ಟಿಯಾಗಿ. ಮಲ್ವೀನಾ ಚಿಕ್ಕಮ್ಮ ಹಿತ್ತಲ ಬಾಗಿಲಿನಲ್ಲಿ ನಿಂತು ಬೂಟಿನ ಹಿಮ ಕೊಡವುತ್ತ ಹೇಳುತ್ತಿದ್ದ ಪದ. ನನ್ನ ಬಾಯಿ ಮಾತ್ರ ತೆರೆಯಲಿಲ್ಲ.

ಗೋಡೆಯ ಮೇಲೆ ಚಿತ್ರಗಳನ್ನು ಬಿಟ್ಟಳು. ಭೂರ್ಜದ ತೊಗಟೆಯ ದೋಣಿ, ಆಶ್ ಮರದ ಬುಟ್ಟಿಗಳು, ಇಲ್ಲಿಯ ಸರೋವರದ ಹಳೆಯ ನಕ್ಷೆ. ಪ್ರತಿ ಕೊಲ್ಲಿಗೂ ಮುಂಚೆ ಇದ್ದ ಹೆಸರನ್ನು ಹೇಳುತ್ತ ಹೋದಳು. ನಾನು ದಿನವೂ ಹಾದುಹೋಗುವ ಕೊಲ್ಲಿಗಳು ಅವು. ಪ್ರಶ್ನೆ ಕೇಳಬಹುದು ಎಂದಾಗ ಒಬ್ಬ ಮುದುಕ ಎದ್ದು, "ಅಲ್ಲಮ್ಮ, ಅವರೆಲ್ಲ ಯಾವಾಗ ಕೆನಡಾಗೆ ಹೊರಟ್‌ಹೋದ್ರು?" ಎಂದ. ಅವಳು, "ಎಲ್ರೂ ಹೋಗ್ಲಿಲ್ಲ. ಕೆಲವರು ಸುಮ್ನಾದ್ರು, ಅಷ್ಟೆ" ಎಂದಳು. ಆಮೇಲೆ, "ಇವತ್ತು ಇಲ್ಲಿ ನಮ್ಮವರು ಯಾರಾದ್ರೂ ಇದಾರಾ?" ಎಂದು ಕೇಳಿದಳು.

ಅಕ್ಕಾ, ನಾನು ಕೈ ಎತ್ತಿದೆ. ಚೀಟಿ ಕೈಯಲ್ಲೇ ಇತ್ತು. ಹೋವರ್ಡ್‌ನ ಮುಖವನ್ನು ನೀನು ನೋಡಬೇಕಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಾಕೆ ತಟ್ಟಿದರೋ ತಿಳಿಯಲಿಲ್ಲ. ನನಗೆ ಚಪ್ಪಾಳೆ ಬೇಡವಾಗಿತ್ತು, ನಿನ್ನ ಚೀಟಿಯ ಅರ್ಥ ಬೇಕಾಗಿತ್ತು. ಎದ್ದು ನಿಂತು ಹೇಳಿಬಿಟ್ಟೆ: ನನ್ನ ತಾಯಿ ಒಡನಾಕ್‌ನಲ್ಲಿದ್ದಾಳೆ, ಊಟ ಬಿಟ್ಟಿದ್ದಾಳೆ, ಏನೋ ಕೇಳುತ್ತಿದ್ದಾಳೆ, ನಮಗೆ ತಿಳಿಯುತ್ತಿಲ್ಲ, ಇದನ್ನು ಓದಿ ಹೇಳಿ. ರೋವೀನಾ ಚೀಟಿ ಇಸಿದುಕೊಂಡು ಓದಿದಳು. ತುಟಿ ಅಲುಗಿಸುತ್ತ ಮತ್ತೆ ಓದಿದಳು. ಎರಡನೆಯ ಚೀಟಿಯನ್ನೂ ಓದಿದಳು. ನೂರು ಕಣ್ಣು ಅವಳ ಮೇಲೆ. ಅವಳ ಕತ್ತು ಕೆಂಪಾಯಿತು.

"ನಂಗೆ ಗೊತ್ತಾಗ್ತಿಲ್ಲ" ಎಂದಳು.

ಜನ ಹೋದ ಮೇಲೆ ನನ್ನ ಬಳಿ ಬಂದು ಕೂತಳು. "ನೋಡಿ, ನಾನು ಕಲ್ತಿದ್ದು ಪುಸ್ತಕದಿಂದ, ಹಳೇ ಟೇಪುಗಳಿಂದ. ಟೇಪಿನಲ್ಲಿ ಒಬ್ಬ ಹೆಂಗಸು ಕಥೆ ಹೇಳ್ತಾಳೆ. ಹತ್ತು ವರ್ಷದಿಂದ ಅವಳ ಜೊತೆಗೇ ಅಡಿಗೆ ಮಾಡ್ತೀನಿ, ಕಾರು ಓಡಿಸ್ತೀನಿ, ಅವಳು ಅಂದಂಗೇ ಅಂತೀನಿ. ಆದ್ರೆ ಜೀವಂತ ಮನುಷ್ಯರು ನಂಗೆ ಆ ಭಾಷೇಲಿ ಯಾವತ್ತೂ ಒಂದ್ ಲೋಟ ನೀರೂ ಕೇಳಿಲ್ಲ. ಈ ಚೀಟೀಲಿರೋದು ಮಾತಿನ ಹಾಗಿಲ್ಲ. ಎಲ್ಲೋ ಏನೋ ತಪ್ಪಿದೆ. ಅವರ ದನಿ ಕೇಳಿದ್ರೆ ಹೇಳ್ಬೋದೇನೋ" ಎಂದಳು. ಅಜ್ಜಿ ಯಾರು ಎಂದು ನಿನ್ನ ಪ್ರಶ್ನೆಯನ್ನೂ ಕೇಳಿದೆ. "ನಮ್ಮಪ್ಪ ಸಾಯೋವರೆಗೂ ಹೇಳ್ಲಿಲ್ಲ" ಎಂದಳು.

ಅಮ್ಮನ ಮಾತನ್ನು ಟೇಪಿಗೆ ಹಿಡಿದು ಕಳಿಸು, ಅಕ್ಕಾ. ಜಿಸೆಲ್ ಬಳಿ ಸಣ್ಣ ಯಂತ್ರ ಇರಬಹುದು.

ಎಲ್ಫೇಜ್

•

ಒಡನಾಕ್
12 ಫೆಬ್ರವರಿ 2007

ಎಲ್ಫೇಜ್,

ಅಷ್ಟು ಜನರ ಮುಂದೆ ಅಮ್ಮ ಊಟ ಬಿಟ್ಟದ್ದನ್ನು ಹೇಳಿ ಬಂದೆಯಲ್ಲ. ಡೋನಟ್ ತಿನ್ನುತ್ತ ಕೇಳಿದರೇನು? ಆ ರೋವೀನಾಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಲಿ. ನನ್ನ ಚೀಟಿಯಲ್ಲಿ ತಪ್ಪು ಹುಡುಕುವುದು ಯಾಕೆ? ನಾನು ಅಮ್ಮನ ಎದುರೇ ಕೂತು ಬರೆದದ್ದು.

ಜಿಸೆಲ್ ಯಂತ್ರ ತಂದಳು. ಅಮ್ಮ ಅದನ್ನು ನೋಡಿದಳು, ಬಾಯಿ ಮುಚ್ಚಿದಳು. ಅಷ್ಟೇ. ಅದು ಕೋಣೆಯಲ್ಲಿರುವಷ್ಟು ಹೊತ್ತೂ ಒಂದಕ್ಷರ ಆಡಲಿಲ್ಲ. ನಾವು ಚಿಕ್ಕವರಿದ್ದಾಗ ಯಾವುದೋ ಕಾಲೇಜಿನವರು ಮಾತನ್ನು ಟೇಪಿಗೆ ಹಿಡಿಯುವ ದೊಡ್ಡ ಪೆಟ್ಟಿಗೆ ಹೊತ್ತು ಬಂದಿದ್ದರು, ನಿನಗೆ ನೆನಪಿರಲಾರದು. ಮಲ್ವೀನಾ ಚಿಕ್ಕಮ್ಮ ಕೂತು ಕಥೆಯ ಮೇಲೆ ಕಥೆ ಹೇಳಿದಳು. ಅಮ್ಮ ಮಾತ್ರ, "ನನ್ ಮಾತನ್ನ ಪೆಟ್ಟಿಗೇಲಿ ತುಂಬ್ಕೊಂಡು ಹೋಗೋಕೆ ಅದೇನು ಉಪ್ಪುಮೀನಾ?" ಎಂದು ಹಿತ್ತಲಿಗೆ ಹೋಗಿಬಿಟ್ಟಳು. ಎಲ್ಲವನ್ನೂ ಮರೆತವಳು ಅದೊಂದನ್ನು ಮರೆತಿಲ್ಲ.

ನಿನ್ನೆ ಕೇಳುತ್ತ ಕೇಳುತ್ತ ನನ್ನ ಕೆನ್ನೆಗೆ ಹೊಡೆದಳು. ಆಮೇಲೆ ಅದೇ ಕೆನ್ನೆ ಸವರಿದಳು. ನನ್ನಿಂದ ಆಗುತ್ತಿಲ್ಲ, ತಮ್ಮಾ. ಟೈರಿನ ಕಥೆ ಬಿಟ್ಟು ಬಾ.

ಸೆಲೀನಾ

•

ಹೇಯ್ಸ್ ಲ್ಯಾಂಡಿಂಗ್
19 ಫೆಬ್ರವರಿ 2007

ಅಕ್ಕಾ,

ನಿನ್ನ ಕಾಗದ ಓದಿ ತಡೆಯಲಾರದೆ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ಜಿಸೆಲ್ ಜೊತೆ ಮಾತಾಡಿದೆ. ಅಕ್ಕನ ಮನೆಯ ಫೋನು ಯಾಕೆ ಸರಿಮಾಡಿಸಿಲ್ಲ ಎಂದು ಕೇಳಿದೆ. "ಫೋನು ಸರಿಯಾಗೇ ಇದೆಯಲ್ಲ ಸಾರ್. ನಾನು ಬಾಗಿಲು ಎಷ್ಟು ಬಡಿದ್ರೂ ಅವ್ರಿಗೆ ಕೇಳಲ್ಲ, ಕಿಟಕಿ ಮುಂದೆ ಕೈ ಆಡಿಸಿ ಕರೀತೀನಿ. ನಿಮಗೆ ಗೊತ್ತಿರ್ಲಿಲ್ವಾ?" ಎಂದಳು.

ಅಕ್ಕಾ, ಯಾವಾಗಿನಿಂದ? ಅಮ್ಮನ ಮಾತು ನಿನಗೆ ಕೇಳಿಸುತ್ತದೆಯೇ? ಆ ಚೀಟಿಗಳನ್ನು ಹೇಗೆ ಬರೆದೆ? ನೀನು ಸಿಟ್ಟಿನಿಂದ ಫೋನು ಇಡುತ್ತೀಯ ಎಂದುಕೊಂಡು ವರ್ಷವಿಡೀ ನಾನೂ ಬಿಗಿದುಕೊಂಡಿದ್ದೆ.

ನಾನು ಮುಚ್ಚಿಟ್ಟದ್ದೂ ಒಂದಿದೆ. ಟೈರು ಹೊಸದು, ಅಕ್ಟೋಬರಿನಲ್ಲಿ ಹಾಕಿಸಿದ್ದು. ಈಸ್ಟರ್ ದಿನ ನೀನು ಚರ್ಚಿಗೆ ಹೋಗಿದ್ದಾಗ ನಾನು ಅಮ್ಮನ ಕೋಣೆಗೆ ಹೋದೆ. ನನ್ನನ್ನು ನೋಡಿ ಕಿರುಚಿದಳು. ಮಂಚದ ಮೂಲೆಗೆ ಸರಿದು ಹೊದಿಕೆಯನ್ನು ಮುಖಕ್ಕೆ ಎಳೆದುಕೊಂಡಳು. ನಾನು ನಿನ್ನ ಎಲ್ಫೇಜ್ ಎಂದೆ, ಮತ್ತೂ ಕಿರುಚಿದಳು. ಅವಳ ಕಣ್ಣಿಗೆ ನಾನು ಯಾರಾಗಿದ್ದೆನೋ. ನೀನು ಬರುವ ಹೊತ್ತಿಗೆ ಅವಳು ನಿದ್ದೆ ಹೋಗಿದ್ದಳು, ನಾನು ಏನೂ ಆಗದವನ ಹಾಗೆ ಹಬ್ಬದ ಹ್ಯಾಮ್ ಮಾಂಸ ಕೊಯ್ಯುತ್ತಿದ್ದೆ. ಮತ್ತೆ ಆ ಕೋಣೆಗೆ ಹೋಗುವ ಧೈರ್ಯವಾಗಲಿಲ್ಲ.

ಆದರೂ ಬರುತ್ತೇನೆ. ಮಾರ್ಚ್ 4, ಭಾನುವಾರ. ವರ್ನಾಳನ್ನು ಅವಳ ತಂಗಿ ನೋಡಿಕೊಳ್ಳುತ್ತಾಳೆ. ರೋವೀನಾಗೆ ಎಲ್ಲ ಹೇಳಿದೆ. "ನಾನೂ ಬರ್ಲಾ?" ಎಂದಳು. ಬಾ ಎಂದೆ. ನಿನಗೆ ಬೇಡವಾದರೆ ಬಾಗಿಲಲ್ಲೇ ನಿಲ್ಲಿಸು.

ಎಲ್ಫೇಜ್

•

ಒಡನಾಕ್
26 ಫೆಬ್ರವರಿ 2007

ತಮ್ಮಾ,

ಎರಡು ವರ್ಷವಾಯಿತು. ಮೊದಲು ಹಕ್ಕಿಗಳ ದನಿ ಹೋಯಿತು, ಆಮೇಲೆ ಚರ್ಚಿನ ಹಾಡು. ಕಿವಿಗೆ ಹಾಕುವ ಯಂತ್ರ ತರಿಸಿದೆ, ಅದರಲ್ಲಿ ತಟ್ಟೆ ಲೋಟದ ಸದ್ದು ಕೇಳುತ್ತದೆ, ಮನುಷ್ಯರದ್ದು ಕೇಳುವುದಿಲ್ಲ. ಫ್ರೆಂಚಿನಲ್ಲಾದರೆ ತುಟಿ ನೋಡಿ ಊಹಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ. ಅಮ್ಮನ ಮಾತನ್ನೂ ತುಟಿ ನೋಡಿಯೇ ಬರೆದೆ. ಗೊತ್ತಿಲ್ಲದ ಭಾಷೆಯನ್ನು ತುಟಿಯಲ್ಲಿ ಹೇಗೆ ಓದುವುದು? ನನಗೆ ಕಿವಿ ಕೇಳದೆಂದು ತಿಳಿದರೆ ಅಮ್ಮನನ್ನು ನನ್ನಿಂದ ತೆಗೆದುಕೊಂಡು ಹೋಗಿ ಪಿಯರ್‌ವಿಲ್‌ನ ವೃದ್ಧರ ಮನೆಗೆ ಸೇರಿಸುತ್ತಾರೆ ಎಂದು ಬಾಯಿ ಬಿಡಲಿಲ್ಲ.

ನಿನ್ನ ಮೇಲೆ ಕಿರುಚಿದ್ದಕ್ಕೆ ನೊಂದುಕೊಳ್ಳಬೇಡ. ನನ್ನ ಮೇಲೂ ಕಿರುಚುತ್ತಾಳಂತೆ. ಅದು ನನಗೆ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ರೋವೀನಾಳನ್ನು ಕರೆದುಕೊಂಡು ಬಾ. ಬಾಗಿಲಲ್ಲಿ ಯಾರನ್ನೂ ನಿಲ್ಲಿಸುವುದಿಲ್ಲ.

ಸೆಲೀನಾ

•

ಒಡನಾಕ್
20 ಮಾರ್ಚ್ 2007

ಪ್ರೀತಿಯ ಎಲ್ಫೇಜ್,

ಶವಸಂಸ್ಕಾರದ ಪೂಜೆಗೆ ಬಂದವರೆಲ್ಲ ಹೋದರು. ಮನೆ ಖಾಲಿಯಾಗಿದೆ. ನೆಲ ಇನ್ನೂ ಕಲ್ಲಾಗಿರುವುದರಿಂದ ಅಮ್ಮನನ್ನು ಚರ್ಚಿನ ಹಿಂದಿನ ಕಲ್ಲುಕೋಣೆಯಲ್ಲಿ ಇರಿಸಿದ್ದಾರೆ, ಹಿಮ ಕರಗಿದ ಮೇಲೆ ಮಣ್ಣು. ಆ ದಿನ ಜನರ ನಡುವೆ ನಿನ್ನನ್ನು ಸರಿಯಾಗಿ ಮಾತಾಡಿಸಲಾಗಲಿಲ್ಲ. ನಾನು ಕೇಳಿದ್ದಕ್ಕೆ ನೀನು, ಆಮೇಲೆ, ಆಮೇಲೆ ಎಂದೆ. ಈಗ ಕೇಳುತ್ತೇನೆ.

ಆ ಭಾನುವಾರವನ್ನೇ ನೆನೆಯುತ್ತಿದ್ದೇನೆ. ರೋವೀನಾ ಕೋಣೆಗೆ ಬಂದು ಏನೋ ಹೇಳಿದಳು. ಅಮ್ಮ ತಲೆ ಎತ್ತಿದಳು. ಎಲ್ಫೇಜ್, ಆ ಮುಖವನ್ನು ನಾನು ನವೆಂಬರಿನಿಂದ ನೋಡಿರಲಿಲ್ಲ. ಎರಡೂ ಕೈ ಚಾಚಿದಳು. ಅವಳ ತುಟಿಯಲ್ಲಿ ನನಗೆ ಗೊತ್ತಿರುವ ಒಂದು ಹೆಸರು ಕಂಡಿತು, ಮಲ್ವೀನಾ. ರೋವೀನಾ ಪಕ್ಕದಲ್ಲಿ ಕೂತು ಕೈ ಹಿಡಿದಳು. ಅಮ್ಮ ಹೇಳಿದಳು, ಹೇಳಿದಳು. ನಕ್ಕಳು. ನಡುವೆ ಕಣ್ಣು ಒದ್ದೆ ಮಾಡಿಕೊಂಡಳು. ಆಮೇಲೆ ನನ್ನನ್ನು ಕೇಳುತ್ತಿದ್ದ ಅದೇ ಮಾತನ್ನು ಕೇಳಿದಳು, ಆ ತುಟಿಯ ಆಕಾರ ನನಗೆ ಬಾಯಿಪಾಠವಾಗಿದೆ. ರೋವೀನಾ ಹೂಂ ಎಂಬಂತೆ ತಲೆಯಾಡಿಸಿದಳು. ಅಮ್ಮ ಮತ್ತೆ ಕೇಳಿದಳು. ಅವಳು ಮತ್ತೆ ತಲೆಯಾಡಿಸಿದಳು. ಅಮ್ಮ ದಿಂಬಿಗೆ ಒರಗಿ ಒಂದು ದೊಡ್ಡ ಉಸಿರು ಬಿಟ್ಟಳು. ಆಮೇಲೆ ಬಾಯಿ ತೆರೆದಳು, ಗುಬ್ಬಿಮರಿಯ ಹಾಗೆ. ನಾನು ಓಡಿ ಹೋಗಿ ಗಂಜಿ ತಂದೆ. ಬಟ್ಟಲಿನ ತಳ ಕಾಣುವವರೆಗೂ ತಿಂದಳು. ಆ ಸಂತೋಷದಲ್ಲಿ, ನೀವು ಹೊರಡುವ ಮುಂಚೆ ಅದು ಏನೆಂದು ರೋವೀನಾಳನ್ನು ಕೇಳುವುದೇ ಮರೆತೆ.

ಶುಕ್ರವಾರ ಬೆಳಗಿನವರೆಗೆ ತಿನ್ನುತ್ತಲೇ ಇದ್ದಳು. ಮತ್ತೆ ಆ ಮಾತು ಕೇಳಲೇ ಇಲ್ಲ. ಬೇಡಿದ್ದು ಸಿಕ್ಕವರ ಹಾಗೆ ಇದ್ದು, ಹಾಗೇ ಹೋದಳು. ಜಿಸೆಲ್ ನನ್ನ ಕೈ ಹಿಡಿದು, "ಇಷ್ಟು ಶಾಂತವಾಗಿ ಹೋಗೋದು ನಾನು ಕಡಿಮೆ ನೋಡಿದೀನಿ" ಎಂದಳು.

ರೋವೀನಾ ಬಗ್ಗೆ ನಾನು ಬರೆದದ್ದಕ್ಕೆ ನಾಚಿಕೆಯಾಗುತ್ತಿದೆ. ಅವಳಿಗೆ ಒಂದು ಪರಿಮಳದ ಹುಲ್ಲಿನ ಬುಟ್ಟಿ ಹೆಣೆಯುತ್ತಿದ್ದೇನೆ. ಈಗ ಹೇಳು, ಅಮ್ಮ ಕೇಳಿದ್ದು ಏನು? ಇಷ್ಟು ದಿನ ನನ್ನಿಂದ ಕೊಡಲಾಗದೆ ಹೋದದ್ದು ಏನು?

ಸೆಲೀನಾ

•

ಹೇಯ್ಸ್ ಲ್ಯಾಂಡಿಂಗ್
28 ಮಾರ್ಚ್ 2007

ಅಕ್ಕಾ,

ವರ್ನಾಳಿಗೆ ಈ ವಾರ ರಕ್ತದೊತ್ತಡ ತೀರ ಇಳಿದು ಎರಡು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡಿದ್ದರು. ಈಗ ಮನೆಗೆ ಬಂದಿದ್ದಾಳೆ. ಸರೋವರದ ಅಂಚಿನಲ್ಲಿ ಮಂಜುಗಡ್ಡೆ ಕಪ್ಪಾಗುತ್ತಿದೆ. ಮೇಪಲ್ ರಸ ಕಾಯಿಸುವವರು ಶುರು ಮಾಡಿದ್ದಾರೆ, ಒಂದು ಡಬ್ಬಿ ಕಳಿಸುತ್ತೇನೆ. ಹೋವರ್ಡ್ ಈಗ ನನ್ನನ್ನು ಕಂಡಾಗಲೆಲ್ಲ ಕೈ ಎತ್ತಿ "ಕ್ವಾಯ್" ಎನ್ನುತ್ತಾನೆ. ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾನೆ.

ರೋವೀನಾ ಊರಲ್ಲಿಲ್ಲ. ಸಿಕ್ಕಾಗ ಕೇಳಿ ಬರೆಯುತ್ತೇನೆ. ನೀನು ಊಟ ಸರಿಯಾಗಿ ಮಾಡು.

ಎಲ್ಫೇಜ್

•

ಒಡನಾಕ್
3 ಏಪ್ರಿಲ್ 2007

ಎಲ್ಫೇಜ್,

ರೋವೀನಾ ಸಿಗಬೇಕಾಗಿಲ್ಲ. ಮೂರು ಗಂಟೆಯ ದಾರಿ ಒಂದೇ ಟ್ರಕ್ಕಿನಲ್ಲಿ ಕೂತು ವಾಪಸು ಹೋದಿರಿ. ದಾರಿಯಲ್ಲಿ ನೀನು ಕೇಳಿರುತ್ತೀಯ. ಕೇಳದಿದ್ದರೆ ನೀನು ನಮ್ಮಮ್ಮನ ಮಗನೇ ಅಲ್ಲ. ಏನೋ ಕೆಟ್ಟದ್ದು ಅಂದಿದ್ದಾಳೆ, ನನ್ನನ್ನೇ ಬೈದಿದ್ದಾಳೆ, ಅದಕ್ಕೇ ನೀನು ಮೇಪಲ್ ರಸದ ಕಥೆ ಬರೆಯುತ್ತೀಯ. ಬೈದಿದ್ದರೂ ಪರವಾಗಿಲ್ಲ. ಅವಳ ಬೈಗುಳವಾದರೂ ನನಗೆ ಬರಲಿ. ಒಂದು ಸಾಲು ಬರೆ.

ಸೆಲೀನಾ

•

ಹೇಯ್ಸ್ ಲ್ಯಾಂಡಿಂಗ್
9 ಏಪ್ರಿಲ್ 2007

ಅಕ್ಕಾ,

ಅಮ್ಮ ನಿನ್ನನ್ನು ಬೈದಳೋ ಹರಸಿದಳೋ ನನಗೆ ಗೊತ್ತಿಲ್ಲ. ರೋವೀನಾಗೂ ಗೊತ್ತಿಲ್ಲ.

ಗಡಿ ದಾಟುವವರೆಗೆ ಅವಳು ಕಿಟಕಿಯ ಕಡೆಗೇ ತಿರುಗಿ ಕೂತಿದ್ದಳು. ನಾನು ಸಂತೋಷದಲ್ಲಿದ್ದೆ. ಅಮ್ಮ ಊಟ ಮಾಡಿದ್ದಳು, ಅವಳ ನಗು ನನ್ನ ಕಿವಿಯಲ್ಲಿತ್ತು. ನಾನು ಏನೇನೋ ಹರಟುತ್ತಿದ್ದೆ. ದಾಟಿದ ಮೇಲೆ, "ಗಾಡಿ ನಿಲ್ಸಿ" ಎಂದಳು. ನಿಲ್ಲಿಸಿದೆ. ಬಾಗಿಲು ತೆರೆದು ಇಳಿದು ಹಿಮದಲ್ಲಿ ಅತ್ತಿಂದಿತ್ತ ನಡೆದಳು. ಒಳಗೆ ಬಂದು ಕೂತು, "ನಂಗೆ ಏನೂ ಅರ್ಥ ಆಗ್ಲಿಲ್ಲ" ಎಂದಳು.

"ಏನೂ ಅಂದ್ರೆ?" ಎಂದೆ.

"ಹಿಮ. ಅಕ್ಕ. ನಾಳೆ. ಹೊಳೆ. ಇಂಥ ಬಿಡಿಬಿಡಿ ಪದಗಳು. ಮಧ್ಯದ್ದೆಲ್ಲ ಹರಿದು ಹೋಯ್ತು. ನಾನು ಟೇಪಿನ ಹೆಂಗಸಿನ ಥರಾನೇ ನಮಸ್ಕಾರ ಹೇಳಿದೆ. ಅವರು ನನ್ನನ್ನ ಮಲ್ವೀನಾ ಅಂದ್ರು, ನೀವು ಹೇಳಿದ್ದ ಚಿಕ್ಕಮ್ಮನ ಹೆಸರು. ಆಗ ತಿಳೀತು, ಟೇಪಿನಲ್ಲಿರೋ ಹೆಂಗಸು ಅವರ ತಂಗಿ ಅಂತ. ನನ್ನ ಬಾಯಲ್ಲಿ ಅವರ ತಂಗಿ ದನಿ. ಇಲ್ಲ, ನಾನು ಮಲ್ವೀನಾ ಅಲ್ಲ ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ಅವರು ಕೇಳಿದ್ರು. ನಾನು ಹೂಂ ಅಂದೆ. ಮತ್ತೆ ಕೇಳಿದ್ರು. ಮತ್ತೆ ಹೂಂ ಅಂದೆ. ಏನೋ ಮಾಡ್ತೀಯಾ ಅಂತ ಮಾತು ತಗೊಂಡ್ರು, ಅಷ್ಟು ಮಾತ್ರ ದನೀಲಿ ಗೊತ್ತಾಯ್ತು. ಏನಕ್ಕೆ ಹೂಂ ಅಂದೆ ಅಂತ ನಂಗೆ ಗೊತ್ತಿಲ್ಲ, ಎಲ್ಫೇಜ್. ಸಾಯೋ ಮುದುಕಿಗೆ ಮಾತು ಕೊಟ್ಟಿದೀನಿ, ಏನು ಅಂತ ಗೊತ್ತಿಲ್ಲ."

ನಾನು ಅವಳ ಮೇಲೆ ರೇಗಬೇಕಿತ್ತು. ರೇಗಲಾಗಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳ ಜಾಗದಲ್ಲಿದ್ದರೆ ನಾನೂ ಹೂಂ ಎನ್ನುತ್ತಿದ್ದೆ. ನಾವು ಗಾಡಿಯಲ್ಲೇ ಬಹಳ ಹೊತ್ತು ಕೂತೆವು. ಅವಳು ನೆನಪಿದ್ದ ಸದ್ದುಗಳನ್ನೆಲ್ಲ ಮತ್ತೆ ಮತ್ತೆ ಹೇಳಿಕೊಂಡಳು, ನಿಘಂಟು ತೆಗೆದು ತಡಕಾಡಿದಳು. ಈಗಲೂ ಹುಡುಕುತ್ತಿದ್ದಾಳೆ. ಹುಡುಕಿದಷ್ಟೂ ಸದ್ದು ಮಸುಕಾಗುತ್ತಿದೆಯಂತೆ.

ನಿನಗೆ ಸುಳ್ಳು ಬರೆಯೋಣವೆಂದು ಕೂತಿದ್ದೆ. ಸೆಲೀನಾಳನ್ನು ನೋಡಿಕೋ ಎಂದು ಅಮ್ಮ ಕೇಳಿಕೊಂಡಳು ಎಂದು ಬರೆದು ಹಾಳೆ ಹರಿದೆ. ನೀನು ಅದನ್ನು ನಂಬುತ್ತಿದ್ದೆ, ಅದೇ ಕಷ್ಟವಾಯಿತು.

ಎಲ್ಫೇಜ್

•

ಒಡನಾಕ್
16 ಏಪ್ರಿಲ್ 2007

ತಮ್ಮಾ,

ನಿನ್ನ ಕಾಗದವನ್ನು ಓದಿ ಮಡಚಿ ಸೊಂಟಪಟ್ಟಿಯೊಳಗೆ ಸಿಕ್ಕಿಸಿಕೊಂಡು ಮೂರು ದಿನ ಓಡಾಡಿದೆ. ಮೊದಲ ದಿನ ಆ ಹೆಂಗಸಿನ ಬುಟ್ಟಿಯನ್ನು ಒಲೆಗೆ ಹಾಕಬೇಕೆನಿಸಿತು. ಹಾಕಲಿಲ್ಲ. ಎರಡನೆಯ ದಿನ ಅಮ್ಮನ ಕೋಣೆಯಲ್ಲಿ ಕೂತೆ. ಮೂರನೆಯ ದಿನ ಎದ್ದು ಕೆಲಸಕ್ಕೆ ತೊಡಗಿದೆ. ಅಮ್ಮ ಯಾವುದೋ ಒಂದು ಕೆಲಸ ಆಗುತ್ತದೆಂದು ನಂಬಿ ಕಣ್ಣು ಮುಚ್ಚಿದ್ದಾಳೆ. ಯಾವುದೆಂದು ಗೊತ್ತಿಲ್ಲದಿದ್ದರೆ ತೋಚಿದ್ದನ್ನೆಲ್ಲ ಮಾಡುವುದೊಂದೇ ದಾರಿ.

ಅವಳ ಕಿಟಕಿಯ ಮೊಳೆ ಕಿತ್ತು ತೆರೆದಿಟ್ಟಿದ್ದೇನೆ. ತವರಿನ ಕಡೆಯ ಹಾಸಿಗೆಯನ್ನು ಬಿಸಿಲಿಗೆ ಹಾಕಿದೆ. ಅಪ್ಪನ ಹೆಸರಲ್ಲಿ ಪೂಜೆ ಹೇಳಿಸಿದೆ, ಅವಳ ಎಳೆಯದರಲ್ಲೇ ಹೋದ ಮೊದಲ ಮಗುವಿನ ಹೆಸರಲ್ಲೂ ಹೇಳಿಸಿದೆ. ಆ ಮಗುವಿನ ಶಿಲುಬೆ ವಾಲಿತ್ತು, ನೆಟ್ಟಗೆ ನಿಲ್ಲಿಸಿದೆ. ಮಲ್ವೀನಾ ಚಿಕ್ಕಮ್ಮನಿಂದ ತಂದ ನೀಲಿ ಪಾತ್ರೆಯನ್ನು ಅವಳ ಮಗಳಿಗೆ ಮುಟ್ಟಿಸಿ ಬಂದೆ. ಹೊಳೆಯ ಮಂಜುಗಡ್ಡೆ ಒಡೆದ ದಿನ ದಡಕ್ಕೆ ಹೋಗಿ ನಮ್ಮ ಹಿರಿಯರ ಪದ್ಧತಿಯಂತೆ ನೀರಿಗೆ ಸ್ವಲ್ಪ ಹೊಗೆಸೊಪ್ಪು ಬಿಟ್ಟೆ. ಒಡೆಯುವಾಗ ಗುಡುಗಿನ ಹಾಗೆ ಸದ್ದಾಗುತ್ತದೆ, ನಿನಗೆ ಗೊತ್ತಲ್ಲ. ನನಗೆ ಪಾದದಲ್ಲಿ ತಿಳಿಯಿತು. ಪಕ್ಕದ ಮನೆಯ ಬೆಕ್ಕಿಗೆ ದಿನಾ ಹಾಲು ಇಡುತ್ತಿದ್ದೇನೆ, ಅಮ್ಮ ಅದನ್ನು ಕಂಡರೆ ಅಟ್ಟುತ್ತಿದ್ದಳು, ಆದರೂ ಯಾರಿಗೆ ಗೊತ್ತು. ಜಿಸೆಲ್ ನನ್ನನ್ನು ನೋಡಿ, "ಸ್ವಲ್ಪ ಕೂತ್ಕೊಳ್ಳಿ, ಸೆಲೀನಾ" ಎನ್ನುತ್ತಾಳೆ. ಕೂತರೆ ಇನ್ನೊಂದು ಹೊಳೆಯುತ್ತದೆ, ಏಳುತ್ತೇನೆ.

ಇವುಗಳಲ್ಲಿ ಒಂದು ಸರಿಯಾಗಿರಬಹುದು. ಎಲ್ಲವೂ ತಪ್ಪಾಗಿರಬಹುದು. ಯಾರೂ ನನಗೆ ಹೇಳಲಾರರು.

28ನೇ ತಾರೀಖು, ಶನಿವಾರ, ಮಣ್ಣು ಕೊಡುವುದು. ನೆಲ ಸಡಿಲಾಗಿದೆ ಎಂದು ಅಗೆಯುವವನು ಹೇಳಿದ. ರೋವೀನಾಳನ್ನೂ ಕರೆದುಕೊಂಡು ಬಾ. ಅತ್ತು ತಪ್ಪಿಸಿಕೊಳ್ಳುವುದು ಬೇಡ ಎಂದು ಹೇಳು. ಮಾತು ಕೊಟ್ಟವಳು ಅವಳು, ಮುಂದೆ ನಿಂತು ಮಣ್ಣು ಹಾಕಲಿ. ವರ್ನಾಳಿಗೆ ಆಗುವುದಾದರೆ ಅವಳೂ ಬರಲಿ.

ನಿನಗೆ ಇನ್ನೇನಾದರೂ ತೋಚಿದರೆ, ಎಷ್ಟೇ ಸಣ್ಣದಾಗಿರಲಿ, ನನ್ನನ್ನು ಕೇಳಬೇಡ. ದಾರಿಯಲ್ಲಿ ಮಾಡಿಕೊಂಡು ಬಾ.

ನಿನ್ನ ಅಕ್ಕ,
ಸೆಲೀನಾ